ನಲ್ಲಿಯನ್ನು ತಟ್ಟುವುದು ಯಾಕೆ

ಮೂರು ವಾರ ನನ್ನ ಕೈಗೆ ವೈರಿನ ಗವುಸು ತೊಡಿಸಿದರು.
ಬೆರಳಿಗೊಂದು ಬಿಂದು, ಗೆಣ್ಣಿಗೊಂದು ಬಿಂದು,
ಮಣಿಕಟ್ಟಿಗೆ ಬೆಂಕಿಪೊಟ್ಟಣದಷ್ಟು ಡಬ್ಬಿ.
ಬಳೆ ಬಿಚ್ಚಿಡಿ ಅಕ್ಕ, ಅಂದ ಇಳಂಗೋ,
ಲೆಕ್ಕಕ್ಕೆ ಅಡ್ಡ ಬರುತ್ತೆ.
ಎಡಗೈಯದು ಬಂತು. ಬಲಗೈಯದು
ಹತ್ತೊಂಬತ್ತು ವರ್ಷದಿಂದ ಬಂದಿಲ್ಲ, ಸೋಪು ಹಚ್ಚಿ ಎಳೆದರು.
ಫೈಲಿನಲ್ಲಿ ಸಂಪಂಗಮ್ಮ ಅಂತಿಲ್ಲ,
ಬಲಗೈ ಮೂರು ಅಂತಿದೆ.

ಹೊಸೂರು ಸಿಪ್ಕಾಟಿನಲ್ಲಿ ರಸ್ತೆಯ ಕೊನೆಯ ಶೆಡ್ಡು.
ಎರಕದ ಮನೆಯಿಂದ ಬರುವಾಗ ನಲ್ಲಿ
ಸಗಣಿ ಬಣ್ಣದ ಮೊಂಡು ಕೂಸು.
ಓಬಳೇಶ ಚಕ್ರಕ್ಕೊತ್ತಿ ಅದರ ಮುಖ ತೊಳೆಯುತ್ತಿದ್ದ,
ಈಗ ಕೆಮ್ಮಿದರೆ ಅವನ ಟವಲಿಗೆ ಕಪ್ಪು.
ಆಮೇಲೆ ಕ್ರೋಮಿನ ತೊಟ್ಟಿ, ಆಮೇಲೆ ನಾನು.

ನನ್ನ ಕೆಲಸ ಇಷ್ಟು:
ಬಾಯಿಗೆ ಗಾಳಿ ಕೊಟ್ಟು ನೀರಲ್ಲಿ ಅದ್ದು,
ಗುಳ್ಳೆ ಎದ್ದರೆ ಕೆಂಪು ಬುಟ್ಟಿ, ಏಳದಿದ್ದರೆ ಹಸಿರು.
ತಿರುಗಿಸು, ನಿಲ್ಲಿಸು, ಮತ್ತೆ ತಿರುಗಿಸು.
ಒಳಗೆ ಮರಳಿನ ಕಣದಷ್ಟು ತಡೆ ಇದ್ದರೂ
ಮೊಣಕೈಗೆ ಗೊತ್ತಾಗುತ್ತದೆ, ನನಗೆ ಆಮೇಲೆ.
ದಿನಕ್ಕೆ ಆರುನೂರು.

ಅವನು ಬಂದದ್ದು ಆಯುಧಪೂಜೆಯ ಮಾರನೇ ದಿನ.
ಮರದ ಪೆಟ್ಟಿಗೆ, ಥರ್ಮಾಕೋಲು, ಒಳಗೆ ಮೊಣಕಾಲು ಮಡಿಸಿ ಕೂತವ.
ಮುಖದ ಜಾಗದಲ್ಲಿ ಕಪ್ಪು ಗಾಜು; ಅದರಲ್ಲಿ ನಮ್ಮ ಮುಖಗಳೇ.
ನಿಂಬೆಹಣ್ಣು ಮಾತ್ರ ಯಾರೂ ಮರೆಯಲಿಲ್ಲ,
ಪಾದದ ಕೆಳಗಿಟ್ಟು, ನಡಿ ಅಂದರು.
ನಡೆದ. ರಸ ಚಿಮ್ಮಿತು. ಸೂಪರ್‌ವೈಸರ್ ಒರೆಸಿದ.
ತಮಿಳರು ತಂಬಿ ಅಂದರು, ತೆಲುಗರು ಅಲ್ಲುಡು ಅಂದರು,
ನಾನು ಏನೂ ಅನ್ನಲಿಲ್ಲ.
ನನ್ನ ಕೈಯನ್ನೇ ಬೇರೆ ತೋಳಲ್ಲಿ ಕಂಡಾಗ
ಏನಂತ ಕೂಗುವುದು?

ಹೌದು, ನನ್ನದೇ.
ರಾಗಿಕಲ್ಲಿಗೆ ಸಿಕ್ಕಿ ಜಜ್ಜಿದ ಹೆಬ್ಬೆರಳು ನನಗೆ ಸೊಟ್ಟ,
ಅವನಿಗೆ ಜಜ್ಜಿದ್ದೇ ಇಲ್ಲ, ಆದರೂ ಸೊಟ್ಟಗೆ ಹಿಡಿಯುತ್ತಾನೆ.
ಅದ್ದುವ ಮೊದಲು ಒಂದು ಉಸಿರಿನಷ್ಟು ನಿಲ್ಲುತ್ತಾನೆ,
ಉಸಿರಿಲ್ಲದವ.
ಕೊನೆಗೆ, ಹಸಿರು ಬುಟ್ಟಿಗೆ ಹಾಕುವ ಮುಂಚೆ,
ನಡುಬೆರಳ ಗೆಣ್ಣಿನಿಂದ ನಲ್ಲಿಯ ಕತ್ತಿಗೆ
ಟಕ್ ಅಂತ ಒಂದು.

ಇಳಂಗೋ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ.
ಅಕ್ಕಾ, ಈ ತಟ್ಟು ಯಾವುದಕ್ಕೆ? ಕೈಪಿಡಿಯಲ್ಲಿಲ್ಲ.
ಅರ್ಧ ಸೆಕೆಂಡು. ತೆಗೆದರೆ ದಿನಕ್ಕೆ ಮೂವತ್ತೈದು ನಲ್ಲಿ ಜಾಸ್ತಿ.

ನಾನು ತಟ್ಟುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ.
ರಾತ್ರಿ ಪಾತ್ರೆ ತೊಳೆಯುವಾಗ ಕೈಯನ್ನು ಕಾದು ನೋಡಿದೆ.
ಮತ್ತಿಗಿರಿಯ ಕೆಳಬೀದಿ, ಬೀದಿಗೊಂದೇ ನಲ್ಲಿ,
ಬಿಂದಿಗೆಗಳ ಸಾಲಲ್ಲಿ ನಮ್ಮದು ಹದಿನಾಲ್ಕನೆಯದು.
ನಸುಕಿನಲ್ಲಿ ಮೊದಲು ಉಸ್ಸೆನ್ನುತ್ತಿತ್ತು, ಬರೀ ಗಾಳಿ.
ಅಜ್ಜಿ ಗೆಣ್ಣಿನಿಂದ ತಟ್ಟಿ ಕಿವಿಯಿಡುತ್ತಿದ್ದಳು:
ಪೊಳ್ಳು ಸದ್ದಾದರೆ ಹೋಗಿ ಮಲಗು,
ತುಂಬಿದ ಸದ್ದಾದರೆ ಸೆರಗು ಸಿಕ್ಕಿಸು.
ಹಲಸಿನಹಣ್ಣು ತಟ್ಟಿದ ಹಾಗೆ,
ಸಂತೆಯಲ್ಲಿ ಮಡಕೆ ತಟ್ಟಿದ ಹಾಗೆ.

ಬೆಳಿಗ್ಗೆ ಇಳಂಗೋಗೆ ಏನು ಹೇಳುವುದು?
ನನ್ನ ತಮಿಳಿನಲ್ಲಿ ಅಜ್ಜಿ ಇಲ್ಲ,
ಅಲ್ಲಿರುವುದು ಸಂಬಳ, ಶಿಫ್ಟು, ರಜೆ, ಬಸ್ಸು.
ಬಿರುಕಿದ್ದರೆ ಸದ್ದು ಒಡೆಯುತ್ತೆ ತಂಬಿ, ಅಂದೆ,
ಗುಳ್ಳೆಗೆ ಸಿಗದ್ದು ಗೆಣ್ಣಿಗೆ ಸಿಗುತ್ತೆ.
ಪೂರ್ತಿ ಸುಳ್ಳೂ ಅಲ್ಲ.
ಏನೋ ಬರೆದುಕೊಂಡ, ಇಂಗ್ಲಿಷಿನಲ್ಲಿ.

ಈಗ ನನ್ನನ್ನು ಪ್ಯಾಕಿಂಗಿಗೆ ಹಾಕಿದ್ದಾರೆ.
ರಟ್ಟಿನ ಪೆಟ್ಟಿಗೆ ಮಡಿಸುತ್ತೇನೆ, ಬೆನ್ನು ಅವನ ಕಡೆ.
ಓಬಳೇಶನ ಜಾಗಕ್ಕೂ ಇನ್ನೊಬ್ಬ ಬರುತ್ತಾನಂತೆ,
ಬರಲಿ, ಅವನಿಗೆ ಎದೆಯಿಲ್ಲವಲ್ಲ.
ನೋಡುವುದಿಲ್ಲ ನಾನು. ಕೇಳಿಸುತ್ತದೆ:
ಟಕ್. ಇಪ್ಪತ್ತೆಂಟು ಸೆಕೆಂಡು. ಟಕ್.
ಊಟದ ಸೈರನ್ನಿಗೂ ನಿಲ್ಲುವುದಿಲ್ಲ.

ಮೊನ್ನೆ ಒಂದು ಸಲ ಟಕ್ ಆದಮೇಲೆ ಸುಮ್ಮನಾದ.
ಮೂವತ್ತು, ನಲವತ್ತು, ಐವತ್ತು ಎಣಿಸಿ ತಿರುಗಿದೆ.
ನಲ್ಲಿಯ ಕತ್ತು ಹಿಡಿದುಕೊಂಡು, ಗಾಜು ಒಂದಿಷ್ಟು ವಾಲಿಸಿ, ನಿಂತಿದ್ದ.
ವೈರು ಲೂಸಾಗಿದೆ, ಅಂತ ಇಳಂಗೋ ಓಡಿ ಬಂದ.
ಇರಬಹುದು.
ತಡಿ, ಅಂದೆ, ಕನ್ನಡದಲ್ಲೇ ಬಾಯಿಗೆ ಬಂತು,
ಕೇಳಿಸಿಕೊಳ್ಳುತ್ತಿದ್ದಾನೆ.